ಖೋನ್ ಕೇನ್‌ನಲ್ಲಿ ಒಂದು ಹನಿಯ ತೂಕ

ರಾತ್ರಿ ಎರಡೂವರೆ.
ಯಂತ್ರಕ್ಕೆ ನಿದ್ದೆಯಿಲ್ಲ, ಅದರ ಪಂಪಿಗೂ ಇಲ್ಲ;
ಒಳಗಿನ ಗಾಳಿಯನ್ನೆಲ್ಲ ಹೀರಿ ಹೀರಿ
ಬರಿದನ್ನು ಕಾಯುತ್ತ ಕೂತಿದೆ.
ನಾನು, ವಿಲೈವನ್, ಅದರ ಕಾವಲುಗಾತಿ.
ಕಿಟಕಿಯಾಚೆ ಊರು ಮಲಗಿದೆ,
ಅಂಟಕ್ಕಿ ಬೇಯಿಸುವ ಬಿದಿರುಬುಟ್ಟಿಗಳು ಬೋರಲಾಗಿವೆ.

ಹಿಮದ ಪೆಟ್ಟಿಗೆಯಿಂದ ತೆಗೆದ ಕೊಳವೆ:
ಇನ್ನೂರ ಹದಿನೇಳು.
ಯಾರದೆಂದು ನನಗೆ ತಿಳಿಯಬಾರದು,
ಹಾಗೆ ಕಲಸಿ ಇಟ್ಟಿದ್ದಾರೆ.
ಖಮ್‌ಸಾಯ್ ಮಾಮನದಿರಬಹುದು.
ಇರಲಿಕ್ಕಿಲ್ಲ.

ಅವನ ರಕ್ತ ತೆಗೆದವಳು ನಾನೇ,
ಹಿನ್ನೀರಿನ ದಂಡೆಯಲ್ಲಿ, ದೋಣಿಯ ಅಂಚಿಗೆ ಕೂತು.
ಎಡತೋಳು ನನಗೆ ಕೊಟ್ಟು ಬಲಗೈಯಲ್ಲಿ ಉಣ್ಣುತ್ತಿದ್ದ:
ಕೊಚ್ಚಿದ ಹಸಿಮೀನು, ಹಿಂಡಿದ ನಿಂಬೆ,
ಒಣಮೆಣಸು, ಹುರಿದಕ್ಕಿಯ ಪುಡಿ, ಮೇಲಿಷ್ಟು ಕೆಂಪಿರುವೆ.
"ಬೇಯಿಸಿ ತಿನ್ನಬಾರದೇ?"
"ನಿಂಬೆ ಬೇಯಿಸಿದೆಯಲ್ಲ ಮಗಳೇ,
ನೋಡು, ಬೆಳ್ಳಗಾಗಿದೆ."
ನಕ್ಕ. ಅವನ ಕಣ್ಣಿನ ಬಿಳಿ
ಇನ್ನೂ ಬಿಳಿಯೇ ಇತ್ತು.

ಮೀನಿನೊಳಗೊಂದು ಹುಳ, ಎಳ್ಳಿಗಿಂತ ಸಣ್ಣದು,
ಪಿತ್ತನಾಳದ ಕತ್ತಲಲ್ಲಿ ಬಾಡಿಗೆ ಕೊಡದೆ
ಇಪ್ಪತ್ತು ವರ್ಷ, ಮೂವತ್ತು ವರ್ಷ.
ಗಂಟು ಕಟ್ಟಿದ್ದು ತಿಳಿಯುವುದು
ಕಣ್ಣು ಅರಿಸಿನವಾದ ಮೇಲೆ.
ನನ್ನ ಅಪ್ಪನಿಗೆ ತಿಳಿದದ್ದೂ ಹಾಗೇ.
ತಿಳಿಯಿತು ಅನ್ನುವುದಕ್ಕೂ ಮುಗಿಯಿತು ಅನ್ನುವುದಕ್ಕೂ
ನಡುವೆ ಒಂದು ಮಳೆಗಾಲವೂ ಹಿಡಿಸಲಿಲ್ಲ.

ಅದಕ್ಕೇ ಈ ತೂಕದ ಹುಚ್ಚು.
ರಕ್ತವೆಂದರೆ ದೊಡ್ಡವರ ಪಂಕ್ತಿ:
ಆಲ್ಬುಮಿನ್ ಮೈಚಾಚಿ ಕೂತರೆ
ಸಣ್ಣ ಪ್ರೋಟೀನುಗಳಿಗೆ ಎಲೆಯೇ ಹಾಕಿರುವುದಿಲ್ಲ.
ಮೊದಲು ಅವನನ್ನು ಎಬ್ಬಿಸಬೇಕು.
ಉಳಿದವರನ್ನು ಟ್ರಿಪ್ಸಿನ್ ಕತ್ತರಿಗೆ ಒಪ್ಪಿಸಬೇಕು.
ಅದು ಕಂಡಕಂಡಲ್ಲಿ ಕತ್ತರಿಸದು;
ಲೈಸಿನ್ ಆದಮೇಲೆ, ಆರ್ಜಿನಿನ್ ಆದಮೇಲೆ,
ದರ್ಜಿಯ ಹಾಗೆ, ಗುರುತು ನೋಡಿ.
ತುಣುಕುಗಳು ಸೂಜಿಯ ತುದಿಗೆ ಬಂದು
ಹನಿಯಾಗಿ, ಹನಿ ಮಂಜಾಗಿ, ಮಂಜೂ ಒಣಗಿ,
ಮೈಮೇಲೆ ಬರೀ ವಿದ್ಯುತ್ತು ಉಟ್ಟು
ಹಾರುತ್ತವೆ.
ಹಗುರಾದದ್ದು ಮೊದಲು ಮುಟ್ಟುತ್ತದೆ, ಭಾರದ್ದು ಆಮೇಲೆ.
ಗುಲಗಂಜಿಯಿಲ್ಲ, ತಟ್ಟೆಯಿಲ್ಲ,
ತೂಗುವುದೆಂದರೆ ಇಲ್ಲಿ
ಯಾರು ಯಾವಾಗ ಬಂದರೆಂದು ಬರೆದುಕೊಳ್ಳುವುದು.

ಕಳೆದ ತಿಂಗಳು ಒಂದು ಗೆರೆ ಎದ್ದಿತ್ತು.
ರೋಗಿಗಳ ಕೊಳವೆಗಳಲ್ಲೆಲ್ಲ ಆಳೆತ್ತರ,
ಗಟ್ಟಿಮುಟ್ಟಾದವರಲ್ಲಿ ಹೆಸರಿಗೂ ಇಲ್ಲ.
ಅಳೆದೂ ಸುರಿದೂ ಮೂರು ಸಲ ನೋಡಿದೆ.
ಡಾಕ್ಟರ್ ಸುತಿರಾರನ್ನು ನಿದ್ದೆಯಿಂದ ಎಬ್ಬಿಸಿದೆ;
ಚಪ್ಪಲಿ ಅದಲುಬದಲಾಗಿ ಹಾಕಿಕೊಂಡು ಬಂದರು.
ಇಬ್ಬರೂ ಮಾತಾಡಲಿಲ್ಲ.
ಸತ್ತ ಅಪ್ಪನಿಗೆ ಮನಸ್ಸಿನಲ್ಲೇ ಹೇಳಿಯೂ ಬಿಟ್ಟೆ:
ಸಿಕ್ಕಿತು.

ಬೆಳಗಾಗುವಷ್ಟರಲ್ಲಿ ಪಟ್ಟಿ ಹೆಸರು ಹೇಳಿತು.
ಕೆರಾಟಿನ್.
ಅಂದರೆ ಚರ್ಮ. ಅಂದರೆ ಕೂದಲು.
ಅಂದರೆ ನಾನು.
ರೋಗಿಗಳ ಕೊಳವೆಗಳನ್ನೆಲ್ಲ ಒಂದೇ ಸೋಮವಾರ,
ಕೈಗವಸು ಹರಿದದ್ದು ಗೊತ್ತಾಗದೆ,
ಒಬ್ಬಳೇ ಕೂತು ತೆರೆದಿದ್ದೆ.
ಕೋಟಿಯಲ್ಲೊಂದನ್ನು ಹೆಕ್ಕಬಲ್ಲ ಯಂತ್ರ
ನನ್ನ ಬೆರಳನ್ನೇ ಹಿಡಿದು
ಇದೋ ರೋಗ, ಅಂದಿತ್ತು.

ಸುತಿರಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.
ಬಗ್ಗಿ ಚಪ್ಪಲಿ ಸರಿಮಾಡಿಕೊಂಡು ಹೇಳಿದರು:
"ಎಲ್ಲರನ್ನೂ ಕಲಸು.
ನೋಯುವವರು ಯಾರು, ನೋಯದವರು ಯಾರು,
ನಿನ್ನ ಕೈಗೆ ತಿಳಿಯಕೂಡದು."

ಹೀಗೆ ಈಗ ಪ್ರತಿ ಕೊಳವೆಯೂ ಖಮ್‌ಸಾಯ್ ಮಾಮನದೇ.
ಪ್ರತಿ ಕೊಳವೆಗೂ ಹೊಸ ಕೈಗವಸು.
ಉಸಿರನ್ನೂ ಬದಿಗೆ ಬಿಡುತ್ತೇನೆ.
ಇನ್ನೂರ ಹದಿನೇಳರ ಗೆರೆಗಳು ಏಳುತ್ತಿವೆ;
ಎತ್ತರದವುಗಳ ಬುಡದಲ್ಲಿ
ಗರಿಕೆಯ ಮೊಳಕೆಯಷ್ಟು ಏನೋ ಅಲುಗಿದೆ.
ಇದೆಯೋ, ಕಣ್ಣಿನ ದಣಿವೋ.
ಈ ಸಲ ಯಾರನ್ನೂ ಎಬ್ಬಿಸುವುದಿಲ್ಲ,
ಅಪ್ಪನನ್ನೂ.

ಆರು ಗಂಟೆಗೆ ಫೋನು. ದೋಣಿಯ ಮೋಟಾರಿನ ಸದ್ದು.
"ಏನಂತೆ ನನ್ನ ರಕ್ತ? ಎಷ್ಟು ತೂಗಿತಂತೆ?"
"ಇನ್ನೂ ಹೇಳಿಲ್ಲ ಮಾಮ."
"ನಿಧಾನವಾಗಲಿ. ಕೇಳು,
ನಿನ್ನೆ ಮೀನು ಕೆಂಡದಲ್ಲಿ ಸುಟ್ಟೇ ತಿಂದೆ,
ನೀನು ಹೇಳಿದೆಯಲ್ಲ ಅಂತ."
ಸ್ವಲ್ಪ ಹೊತ್ತು ಬರೀ ನೀರು.
"ರುಚಿಯೇ ಇರಲಿಲ್ಲ."