ಐದನೆಯ ದಿನ

ಸೀಗೆಹಟ್ಟಿಯ ನನ್ನ ವೈಂಡಿಂಗ್ ಅಂಗಡಿಯ ಹಿಂಬದಿ
ಸುಟ್ಟ ಮೋಟಾರುಗಳ ನಡುವೆ ಒಂದು ಗಾಜಿನ ತೊಟ್ಟಿ.
ಹೀಟರಿನ ಮುಳ್ಳು ಮೂವತ್ತಕ್ಕೆ ನಿಂತಿದೆ.
ಒಳಗೆ ಡಿಸ್ಕಸ್ ಜೋಡಿ,
ಕಾವಲಿಯ ದೋಸೆಯಷ್ಟು ಗುಂಡಗೆ, ಅಷ್ಟೇ ತೆಳ್ಳಗೆ,
ಕಿತ್ತಳೆ ಮೈ. ಸಾಸಿವೆಯಷ್ಟೂ ಕಪ್ಪಿಲ್ಲ.
ಅದಕ್ಕೇ ಈ ರೇಟು ಅಂದಿದ್ದ ಮುಜೀಬ
ನೆಹರೂ ರೋಡಿನಲ್ಲಿ, ಪ್ಲಾಸ್ಟಿಕ್ ಚೀಲಕ್ಕೆ ಗಾಳಿ ತುಂಬುತ್ತ.

ಮೊಟ್ಟೆಗೇನು, ಇಡುತ್ತವೆ.
ಮಣ್ಣಿನ ಕೊಳವೆಯ ಮೇಲೆ ಸಾಲುಸಾಲು, ಗಸಗಸೆಗಿಂತ ಚೂರು ದಪ್ಪ.
ಮೂರನೇ ದಿನ ಬಾಲ ಮಿಡಿಯುತ್ತವೆ,
ಐದನೇ ದಿನ ಕೊಳವೆ ಬಿಟ್ಟು ಈಜಿಗೆ ಬೀಳುತ್ತವೆ,
ಎಂಟನೇ ದಿನ ತೊಟ್ಟಿ ಖಾಲಿ.

ನಾಲ್ಕು ಸಲ ಹೀಗೇ.

ಮೊದಲ ಸಲ ನೀರಿನ ದೋಷ ಅಂದುಕೊಂಡೆ.
ನಲ್ಲಿನೀರನ್ನು ಎರಡು ದಿನ ಬಕೆಟ್ಟಿನಲ್ಲಿ ತಂಗಿಸಿ
ಕಾಡುಬಾದಾಮಿ ಎಲೆ ಅದ್ದಿ ಚಹಾದ ಬಣ್ಣಕ್ಕೆ ತಂದೆ.
ಎರಡನೇ ಸಲ ಫಿಲ್ಟರು ನುಂಗಿತೆಂದು
ಅದರ ಬಾಯಿಗೆ ಕಪ್ಪು ಸ್ಪಂಜು ಕಟ್ಟಿದೆ.
ಮೂರನೇ ಸಲ ಕರೆಂಟು ಹೋಗಿ
ಬೆಳಗಿನ ತನಕ ಲೋಟದಲ್ಲಿ ನೀರೆತ್ತಿ ಎತ್ತಿ ಹುಯ್ದೆ,
ಲೆಕ್ಕ ಇಟ್ಟಿದ್ದರೆ ಎರಡು ಪಂಪ್‌ಸೆಟ್ಟಿನ ಸುತ್ತು ಮುಗಿಯುತ್ತಿತ್ತು.
ನಾಲ್ಕನೇ ಸಲ ಅವಳನ್ನೇ ಬೈದೆ.
ಹೆತ್ತವಳೇನೇ ನೀನು, ಅಂತ ಗಾಜು ಕುಟ್ಟಿದೆ.

ಅವಳು ಮೈಯೊಡ್ಡಿ ನಿಂತೇ ಇದ್ದಳು.
ಮೈತುಂಬ ಲೋಳೆ. ಅದೇ ಅವುಗಳ ಹಾಲು.

'ಅಪ್ಪಾ, ಸ್ಪಂಜು ನೋಡು' ಅಂದಳು ಸುರಗಿ,
ಎಂಟನೇ ಕ್ಲಾಸಿನವಳು, ಟಾರ್ಚು ಹಿಡಿದುಕೊಂಡು.
ಎಲ್ಲ ಅಲ್ಲಿದ್ದವು.
ಕಪ್ಪು ಸ್ಪಂಜಿಗೆ, ಹೀಟರಿನ ಕಪ್ಪು ಟೋಪಿಗೆ,
ಮೂಲೆಯ ಬರೀ ನೆರಳಿಗೆ ಕೂಡ
ಬಾಯಿ ಹಚ್ಚಿ ಚೀಪುತ್ತಿದ್ದವು, ಸಾಯುತ್ತಿದ್ದವು.

ಮುಜೀಬ ಹಣೆ ಚಚ್ಚಿಕೊಂಡ.
ಮರಿಯಾದಾಗ ಹೆತ್ತವರ ಮೈ ಕಪ್ಪೇರಬೇಕಂತೆ.
ಮರಿಗೆ ಮುಖ ಗೊತ್ತಿಲ್ಲ, ಕಪ್ಪು ಗೊತ್ತು,
ಅದೊಂದೇ ವಿಳಾಸ.
'ಇವಕ್ಕೆ ಏರಲ್ಲ ಮಾರಾಯ.
ತಳಿ ತಿದ್ದಿ ತಿದ್ದಿ ಕಪ್ಪೇ ತೆಗೆದುಬಿಟ್ಟಿದಾರೆ.
ಗಿರಾಕಿಗೆ ಬೇಡವಲ್ಲ.'

ಸುರಗಿ ಏನೂ ಅನ್ನಲಿಲ್ಲ.
ಭದ್ರಾವತಿಯಿಂದ ಬಂದ ಅವಳ ಅತ್ತೆ
ಗಲ್ಲ ಹಿಂಡಿ ಕೊಟ್ಟುಹೋದ ಬಿಳಿ ಮಾಡುವ ಟ್ಯೂಬು
ಸ್ಕ್ರೂ ಡಬ್ಬಿಯ ಪಕ್ಕ, ಮುಚ್ಚಳ ಬಿಚ್ಚದೆ, ಬಿದ್ದಿತ್ತು.

ಮುಜೀಬನ ಕೆಳಗಿನ ತೊಟ್ಟಿಯಲ್ಲಿ ಒಂದು ಕಂದು ಗಂಡು,
ರೆಕ್ಕೆ ಹರಿದದ್ದು, ಎರಡು ವರ್ಷ ಯಾರೂ ಕೇಳದ್ದು.
ಕಿತ್ತಳೆ ಗಂಡನ್ನು ಹಿಂದಿರುಗಿಸಿ,
ಮೇಲೊಂದು ಮಿಕ್ಸಿ ಬಿಟ್ಟಿ ಸುತ್ತಿಕೊಟ್ಟು ತಂದೆ.
ಎರಡು ತಿಂಗಳು ಅವಳು ಅವನನ್ನು ಗುದ್ದಿ ಗುದ್ದಿ ಮೂಲೆಗಟ್ಟಿದಳು.
ಆಮೇಲೆ ಒಂದು ಬೆಳಿಗ್ಗೆ ನೋಡಿದರೆ
ಇಬ್ಬರೂ ಸೇರಿ ಕೊಳವೆ ಉಜ್ಜುತ್ತಿದ್ದಾರೆ.

ಸ್ಪಂಜಿಗೆ ಬಿಳೀ ಬನಿಯನ್ ತೊಡಿಸಿದೆವು.
ನೀರನ್ನು ಗೇಣಿಗೆ ಇಳಿಸಿದೆವು, ಹುಡುಕಾಟ ಕಮ್ಮಿಯಾಗಲಿ ಅಂತ.
ರಾತ್ರಿಯಿಡೀ ಝೀರೋ ಬಲ್ಬು.

ಐದನೇ ದಿನ
ಅವನ ಮೈ ಮಸಿ ಹಿಡಿದ ಬಾಣಲೆ.
ಮೊದಲು ಒಂದು ಬಂತು. ತಿರುಗಿ ಹೋಯಿತು. ಮತ್ತೆ ಬಂತು.
ಆಮೇಲೆ ಏಳೆಂಟು,
ಆಮೇಲೆ ಎಣಿಸಲಾಗಲಿಲ್ಲ,
ಅಪ್ಪನ ಪಕ್ಕೆಯ ತುಂಬ ಸಣ್ಣ ಸಣ್ಣ ಬಾಲ.

ಸಂಜೆ, ಸಾಕಾಗಿರಬೇಕು,
ಅವಳ ಪಕ್ಕಕ್ಕೆ ಸರಿದು ಒಮ್ಮೆ ಮೈ ಕೊಡವಿದ.
ಹಿಂಡಿಗೆ ಹಿಂಡೇ ಕಿತ್ತಳೆ ಮೈಗೆ ದಾಟಿತು.
ಅವಳು ಅಲುಗಾಡಲಿಲ್ಲ.
ನಾನು ಗಾಜಿನಿಂದ ಕೈ ತೆಗೆದೆ.

ಹತ್ತನೇ ದಿನ ಸುರಗಿಯ ಲೆಕ್ಕಕ್ಕೆ ನಲವತ್ತಮೂರು.
ಮರುದಿನ ನಲವತ್ತೊಂದು.
ಆ ಎರಡನ್ನು ಈಗಲೂ ಬನಿಯನ್ ಮಡಿಕೆಯಲ್ಲಿ ಹುಡುಕುತ್ತೇನೆ.

ಮುಜೀಬ ಫೋನು ಮಾಡಿದ್ದ:
'ಬಣ್ಣ ಯಾರದ್ದು ಬಂದಿದೆ? ಅವಳದ್ದೋ, ಅವನದ್ದೋ?'
ಸುರಗಿ ಬಗ್ಗಿ ನೋಡಿ ಹೇಳಿದಳು,
'ಇನ್ನೂ ನೀರಿನ ಬಣ್ಣ ಅನ್ನು.'