ಚಕ್ಕುಬಂದಿ

ಪೂರ್ವಕ್ಕೆ ರೈಲು ಹಳಿ, ಬರೆದುಕೊಂಡೆ.
ಪಶ್ಚಿಮಕ್ಕೆ?
"ಮಸಿ ಎಲ್ಲೀತನ ಬೀಳ್ತತೋ ಅಲ್ಲೀತನ ನಮ್ದೇ"
ಅಂದಳು ಜಮೀಲಾಬಿ,
ತಂತಿ ಮೇಲಿನ ಬಿಳಿ ಯೂನಿಫಾರ್ಮು ಕೊಡವುತ್ತ.

ಹಳೇ ದಾವಣಗೆರೆ, ಮಂಡಕ್ಕಿ ಭಟ್ಟಿ ಸಾಲು.
ಗಿರಣಿಯ ಸೈರನ್ ನಿಂತು ಎಷ್ಟೋ ವರ್ಷ.
ಮುದುಕ ಗೌಸ್‌ಪೀರ್ ಈಗಲೂ ಐದೂವರೆಗೆ ಎದ್ದು ಕೂರುತ್ತಾನೆ,
ಅವನೊಬ್ಬನಿಗೇ ಕೇಳುವ ಪಾಳಿಗೆ.

ಕೋಣೆ: ಒಂದು.
ನೀರು: ಎಂಟು ದಿನಕ್ಕೊಮ್ಮೆ, ಬಂದರೆ, ರಾತ್ರಿ ಎರಡಕ್ಕೆ.
ಉದ್ಯೋಗ: ಮರಳು ಕಾಯಿಸುವುದು, ಜರಡಿ ಹಿಡಿಯುವುದು,
ಊರೆಲ್ಲ ಸಂಜೆ ಮಿರ್ಚಿ ಜೊತೆ ಮುಕ್ಕುವ ಬಿಳುಪನ್ನು
ಕರಿ ಗೋಡೆಗಳ ನಡುವೆ ಅರಳಿಸುವುದು.
ಕಾಲಮ್ಮು ಸಾಲಲಿಲ್ಲ.
'ಕೂಲಿ' ಎಂದು ಬರೆದೆ.

ಗಲ್ಲಿಯ ಕೊನೇ ಮನೆಯಲ್ಲಿ ಒಂದೇ ಚಾಪೆ.
ಅಣ್ಣ ಎದ್ದು ಭಟ್ಟಿಗೆ ಹೋದರೆ
ತಮ್ಮ ಬಂದು ಮಲಗುತ್ತಾನೆ, ಚಾಪೆಯ ಬಿಸಿ ಆರುವ ಮೊದಲೇ.
"ಇಬ್ರೂ ಒಟ್ಟಿಗೆ ಮನ್ಯಾಗಿರೋದು ಹಬ್ಬದ ದಿನ ಅಷ್ಟೆ.
ಒಂದು ಅಂತ ಬರೀತೀರೋ, ಎರಡು ಅಂತಲೋ?"
ತಾಯಿ ತಮಾಷೆಗೆ ಕೇಳಿದ್ದಲ್ಲ.

೨ ಎಂದು ಬರೆದೆ.
ಹೊಟ್ಟಿನ ಬೂದಿ ಹಾರಿ ಬಂದು ಕೂತಿತು,
ನನ್ನ ಬೆವರು ಬೆರಳು ತಾಗಿ
೨ರ ಬಾಲ ಎಳೆದು ೩ ಆಯಿತು.

ಒರೆಸಹೋದೆ.
"ಇರ್ಲಿ ಬಿಡ್ರಿ ಟೀಚರ್," ಅಂದಳು,
"ಬರೋ ತಿಂಗ್ಳು ಸೊಸಿ ಬರ್ತಾಳೆ."