ಎರಡನೇ ಕಂಬ

ಕಾರ್ತಿಕದ ಶನಿವಾರ, ಆರೂವರೆಗೆ ಮೊದಲ ಚಿತ್ರ.
ನಾಲ್ಕಕ್ಕೇ ಬಂದ ಶಾಮಿಯಾನದ ಮುನಿಕೆಂಪಣ್ಣ
ಲಗೇಜ್ ಆಟೋದಿಂದ ಬಿದಿರು ಇಳಿಸಿ
ಮೈದಾನದ ಉದ್ದಕ್ಕೂ ಒಮ್ಮೆ ನಡೆದು ಬಂದು
‘ಪರದೆ ಇಲ್ಲಿ ಬ್ಯಾಡಿ ಮೇಡಂ, ಆ ಕಡೆ ಕಟ್ಟಾಣ’ ಅಂದ.

ನನ್ನ ಕೈಯಲ್ಲಿ ನಕ್ಷೆಯಿತ್ತು.
ಕುರ್ಚಿ ಎಂಬತ್ತು, ಪರದೆ ಪೂರ್ವಕ್ಕೆ,
ಪ್ರೊಜೆಕ್ಟರಿಗೆ ಇಸ್ತ್ರಿ ಅಂಗಡಿಯ ಮೇಜು,
ಸ್ಟೀಲ್ ಲೋಟ ನೂರು, ಬಾಡಿಗೆಯವು, ತೊಳೆದು ಕೊಡಬೇಕು.
ಪ್ಲಾಸ್ಟಿಕ್ ಬಾಟಲಿ ತಂದವರಿಗೆ ಪ್ರೀತಿಯಿಂದ ಬೈಯುವ ಕೆಲಸ
ಮೂರನೇ ಕ್ರಾಸಿನ ಫಿಲೋಮಿನಾ ಟೀಚರಿಗೆ.
ಪರಿಸರ ಚಿತ್ರೋತ್ಸವವೆಂದರೆ ಸುಮ್ಮನೆಯೇ?
ಮೂರು ತಿಂಗಳು ಸಭೆ ಮಾಡಿದವರು ನಾವು.
‘ಪರದೆ ಅಲ್ಲೇ’ ಅಂದೆ.

ಅವನು ವಾದಿಸಲಿಲ್ಲ. ಹಾರೆ ಎತ್ತಿದ.
ಒಂದನೇ ಕಂಬ ಸಲೀಸಾಗಿ ನಿಂತಿತು.
ಎರಡನೆಯದಕ್ಕೆ ಮೊಳ ಅಗೆದಾಗ ಇಟ್ಟಿಗೆ ಚೂರು,
ಹಾಲಿನ ಪ್ಯಾಕೆಟ್ಟು, ಯಾರದೋ ಬಚ್ಚಲಿನ ನೀಲಿ ಟೈಲ್ಸು.
ಎರಡು ಮೊಳಕ್ಕೆ ಕಪ್ಪು ಮಣ್ಣು, ನಯ,
ಒಳಗೊಂದು ಬಸವನಹುಳುವಿನ ಬಿಳೀ ಚಿಪ್ಪು.
ಆಮೇಲೆ ನೀರು.

ಪೈಪು ಒಡೆಯಿತೆಂದು ಹೆದರಿ
ಕಾವೇರಿ ನೀರಿನ ವಾಲ್ವ್‌ಮನ್‌ಗೆ ಫೋನು ಮಾಡಿದೆ.
‘ಅಲ್ಲಿ ನಮ್ಮ ಲೈನೇ ಇಲ್ಲಮ್ಮ.’
ಮುನಿಕೆಂಪಣ್ಣ ಬೆರಳದ್ದಿ, ಮೂಸಿ, ಲುಂಗಿಗೆ ಒರೆಸಿಕೊಂಡ.
‘ನಮ್ ತಾತ ನೀರಗಂಟಿ. ಎಂಬತ್ತಡಿ ರಸ್ತೆ ಐತಲ್ಲ, ಅದೇ ಏರಿ.
ನೀವು ಪರದೆ ಕಟ್ಸಿರೋದು ತೂಬಿನ ಬಾಯಿಗೆ.’

ಇಪ್ಪತ್ತು ವರ್ಷದಿಂದ ನಾನು ಬಸ್ಸಿಳಿಯುವ ಜಾಗ ಕೋಡಿ ಸ್ಟಾಪು.
ಕೋಡಿ ಅಂದರೆ ಯಾರದೋ ಮನೆಹೆಸರು ಅಂದುಕೊಂಡಿದ್ದೆ.

ಆರೂವರೆ ಏಳಾಯಿತು. ಜನ ಬಂದರು,
ಹೆಣ್ಣೂರಿನ ಕಡೆಯಿಂದಲೂ ನಾಲ್ಕು ಮಂದಿ.
ದೂರದ ಯಾವುದೋ ದೇಶದ ಹಿಮ
ನಮ್ಮ ಬಿಳೀ ಬಟ್ಟೆಯ ಮೇಲೆ ಕರಗತೊಡಗಿತು.
ಬೆಳಕಿನ ಕೋಲಿನೊಳಗೆ ಸೊಳ್ಳೆಗಳ ಸಂತೆ,
ಹಿಮದ ಮೇಲೆ ಒಂದೊಂದೂ ಹದ್ದಿನಷ್ಟು.
ಎರಡನೇ ಕಂಬ ಕಾಲಿಂಚು, ಅರ್ಧ ಇಂಚು ಕುಸಿಯುತ್ತ
ಇಡೀ ಪರ್ವತ ಎಡಕ್ಕೆ ವಾಲಿ
ಟೀಚರ ಲೋಟಗಳತ್ತ ಜಾರುತ್ತಿತ್ತು.
ಮುನಿಕೆಂಪಣ್ಣ ಹೋಗಿ ಕಂಬವನ್ನು ತಬ್ಬಿ ನಿಂತ.
ಮಿಕ್ಕಿದ್ದನ್ನೆಲ್ಲ ಅವನು ಹಿಂದಿನಿಂದಲೇ ನೋಡಿದ,
ಅಕ್ಷರವೆಲ್ಲ ತಿರುಗುಮುರುಗು.

ಎರಡನೆಯದು ಸರ್ಕಾರಿ ಶಾಲೆಯ ಎಂಟನೇ ಕ್ಲಾಸಿನವರದು,
ಫೋನಿನಲ್ಲಿ ತೆಗೆದದ್ದು, ಒಂಬತ್ತು ನಿಮಿಷ.
ಓಬುಳಮ್ಮ ನಮ್ಮ ಬೀದಿಯ ಕಸ ಬಿಚ್ಚುತ್ತಾಳೆ, ಅಷ್ಟೇ.
ಹಸಿ. ಒಣ. ಹಸಿ. ಗಾಜು. ಯಾರದೋ ಇನ್ಸುಲಿನ್ ಸೂಜಿ.
ಪರದೆಯಗಲ ಅವಳ ಕೈ.
ಕೊನೆಯ ಸಾಲಿನಿಂದ ಸ್ವತಃ ಓಬುಳಮ್ಮ ಕೂಗಿದಳು:
‘ಆ ಸೂಜಿ ಯಾರ ಮನೇದು ಅಂತ ನಂಗೊತ್ತು!’
ಎಂಬತ್ತು ಕುರ್ಚಿ ಒಮ್ಮೆಲೇ ಕಿರುಗುಟ್ಟಿದವು.

ಆಮೇಲೆ ಸಂವಾದ. ಮೈಕು ಕೈಯಿಂದ ಕೈಗೆ.
ಹೊರಗಿನಿಂದ ಬಂದ ತಜ್ಞರು ಅಂತರ್ಜಲ ಎಂಬ ಪದವನ್ನು
ಹನ್ನೊಂದು ಸಲ ಅಂದರು. ಎಣಿಸಿದೆ.
ಅಷ್ಟರಲ್ಲಿ ಮಕ್ಕಳ ಸಾಲು ಪೂರ್ತಿ ಖಾಲಿ.
ಪರದೆಯ ಹಿಂದೆ, ಗುಳಿಯ ಸುತ್ತ, ಬೋರಲು ಮಲಗಿ
ಟಾರ್ಚು ಬಿಟ್ಟು ನೋಡುತ್ತಿದ್ದವು.
ಒಬ್ಬಳು ‘ಶ್’ ಅಂದಳು, ನನಗೆ.

ಹತ್ತೂಕಾಲು. ಬಿದಿರು ಆಟೋ ಹತ್ತಿತು.
ಲೋಟ ತೊಂಬತ್ತೊಂಬತ್ತು.
ಪಾಲಿಕೆಯ ಅನುಮತಿ ಪತ್ರವನ್ನು ಫೋನಿನ ಬೆಳಕಲ್ಲಿ ಓದಿದೆ,
ಷರತ್ತು ಏಳು:
ಮೈದಾನವನ್ನು ಮೊದಲಿದ್ದ ಸ್ಥಿತಿಗೆ ತಂದು ಒಪ್ಪಿಸತಕ್ಕದ್ದು.
ಸನಿಕೆಗೆ ಒರಗಿ ಮುನಿಕೆಂಪಣ್ಣ ಕೇಳಿದ,
‘ಮೊದ್ಲು ಅಂದ್ರೆ ಯಾವಾಗಂತೆ?’

ಡಿಪಾಜಿಟ್ಟು ಐದು ಸಾವಿರ.

ನೂರನೇ ಲೋಟ ಗುಳಿಯ ತಳದಲ್ಲಿತ್ತು,
ಯಾರೋ ಅಳತೆಗೆ ಇಳಿಸಿದ ಹಾಗೆ, ನೆಟ್ಟಗೆ ಕೂತು.
ತೋಳು ಮಡಿಚಿ ಕೈ ಹಾಕಿದೆ.
ಮೊಣಕೈ ದಾಟಿತು ನೀರು.
ಸಂಜೆ ಇಷ್ಟಿರಲಿಲ್ಲ.